ವಂಶವಾಹಿ ಮತ್ತು ಕರುಳಿನ ಉರಿಯೂತ: ಒಂದು ಪದದ ವಿಚಾರ

'ಜೀನ್' ಎಂಬುದಕ್ಕೆ ಕನ್ನಡದಲ್ಲಿ 'ವಂಶವಾಹಿ' ಎಂಬ ಪದ ನೆಲೆಗೊಂಡಿದೆ. ಮರಾಠಿಯಲ್ಲಿ ಅದು 'ಜನುಕ'. ಎರಡೂ ಭಾಷೆಗಳಲ್ಲಿ ಶಾಲಾಶಿಕ್ಷಣ ಪಡೆದ ನನಗೆ ಇವೆರಡರ ಅರ್ಥಚ್ಛಾಯೆಯಲ್ಲಿರುವ ಅಂತರ ಗಮನಾರ್ಹವೆನಿಸುತ್ತದೆ. 'ಜನುಕ' ಹುಟ್ಟನ್ನಷ್ಟೇ ಸೂಚಿಸಿದರೆ, 'ವಂಶವಾಹಿ' ಇಡೀ ಮನೆತನವನ್ನೇ ಕರೆತರುತ್ತದೆ. ಆದುದರಿಂದ ಯಾವುದಾದರೊಂದು ರೋಗಕ್ಕೆ ವಂಶವಾಹಿಯ ಸಂಬಂಧವಿದೆಯೆಂದೊಡನೆ, ಕೇಳಿದವರು ಅದನ್ನು ಆ ಮನೆತನದ ರೋಗವೆಂದೇ ತಿಳಿಯುತ್ತಾರೆ. ಸೂಲೂರಿನ ಸುತ್ತಮುತ್ತ, ಮನೆಯಲ್ಲಿ ಕನ್ನಡವಾಡುತ್ತ ಬಳಗದೊಳಗೇ ಹೆಣ್ಣು ಕೊಟ್ಟು ತರುವ ಕುಟುಂಬಗಳಲ್ಲಿ, ಇಂತಹ ಮಾತು ಮದುವೆಯ ಮಾತುಕತೆಯನ್ನೂ ಕೆಡಿಸಬಲ್ಲುದು. ಅದಕ್ಕೆ ಅಂಜಿದ ರೋಗಿ ಕಾಯಿಲೆಯನ್ನು ಬಚ್ಚಿಡುತ್ತಾನೆ. ಈ ತಿಳಿವಳಿಕೆ ಎಲ್ಲಿ ತಪ್ಪುತ್ತದೆಂಬುದನ್ನು ಕರುಳಿನ ಉರಿಯೂತದ ಕಾಯಿಲೆಯ ನಿದರ್ಶನದಿಂದ ನೋಡಬಹುದು.

ಈ ಕಾಯಿಲೆಗೆ ಮುಖ್ಯವಾಗಿ ಎರಡು ರೂಪಗಳುಂಟು. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿನ ಒಳಪದರದಲ್ಲಿ ಹುಣ್ಣುಂಟುಮಾಡುತ್ತದೆ. 1932ರಲ್ಲಿ ನ್ಯೂಯಾರ್ಕಿನ ವೈದ್ಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು ವಿವರಿಸಿದ ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದವರೆಗೆ ಜೀರ್ಣನಾಳದ ಯಾವ ಭಾಗದಲ್ಲಿಯೂ ಕಾಣಿಸಿಕೊಳ್ಳಬಹುದು. ಎರಡರಲ್ಲಿಯೂ ದೇಹದ ರಕ್ಷಣಾವ್ಯವಸ್ಥೆಯು ಕರುಳಿನಲ್ಲಿ ಸಹಜವಾಗಿ ನೆಲೆಸಿರುವ ಸೂಕ್ಷ್ಮಜೀವಿಗಳೊಡನೆ ಹೊಂದಿಕೊಳ್ಳಲಾರದೆ ಮಿತಿಮೀರಿ ಕೆರಳುತ್ತದೆ.

2001ರಲ್ಲಿ ಎರಡು ಸಂಶೋಧಕ ತಂಡಗಳು ಹದಿನಾರನೆಯ ವರ್ಣತಂತುವಿನಲ್ಲಿರುವ 'ನಾಡ್-2' ಎಂಬ ವಂಶವಾಹಿಗೂ ಕ್ರೋನ್ಸ್ ಕಾಯಿಲೆಗೂ ಇರುವ ನಂಟನ್ನು ಪ್ರಕಟಿಸಿದವು. ಬ್ಯಾಕ್ಟೀರಿಯಾಗಳ ಕೋಶಭಿತ್ತಿಯ ತುಣುಕನ್ನು ಗುರುತಿಸುವ ಪ್ರೋಟೀನಿಗೆ ಈ ವಂಶವಾಹಿಯೇ ಆಧಾರ. ಅದರಲ್ಲಿನ ಮೂರು ವ್ಯತ್ಯಾಸಗಳು ಐರೋಪ್ಯ ಮೂಲದ ರೋಗಿಗಳಲ್ಲಿ ಹೆಚ್ಚಾಗಿ ಕಂಡುಬಂದವು. ಆದರೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಭಾರತೀಯ ರೋಗಿಗಳನ್ನು ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಮೂರೂ ಕಾಣಲಿಲ್ಲ. ಕಾಯಿಲೆ ಒಂದೇ, ಅದಕ್ಕೆ ಎಡೆಮಾಡಿಕೊಡುವ ವ್ಯತ್ಯಾಸಗಳು ಬೇರೆ. ಒಂದು ಜನಸಮುದಾಯದಲ್ಲಿ ಸಿದ್ಧವಾದ ಪಟ್ಟಿಯನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಲಾಗದು.

ಈವರೆಗೆ ಈ ಕಾಯಿಲೆಗೆ ಸಂಬಂಧಿಸಿದ ಇನ್ನೂರಕ್ಕೂ ಹೆಚ್ಚು ಸ್ಥಾನಗಳು ನಮ್ಮ ವರ್ಣತಂತುಗಳಲ್ಲಿ ಗುರುತಿಸಲ್ಪಟ್ಟಿವೆ. ಅವುಗಳಲ್ಲಿ ಹೆಚ್ಚಿನವುಗಳ ಪ್ರಭಾವ ಅತ್ಯಲ್ಪ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಸರಿಸುಮಾರು ಒಂದೇ. ಆದರೂ ಒಬ್ಬರಿಗೆ ಕ್ರೋನ್ಸ್ ಬಂದಾಗ ಇನ್ನೊಬ್ಬರಿಗೂ ಬರುವುದು ಅರ್ಧದಷ್ಟು ಅಥವಾ ಅದಕ್ಕಿಂತ ಕಡಿಮೆ ಜೋಡಿಗಳಲ್ಲಿ. ಅಲ್ಸರೇಟಿವ್ ಕೊಲೈಟಿಸಿನಲ್ಲಿ ಈ ಪ್ರಮಾಣ ಮತ್ತಷ್ಟು ಕಡಿಮೆ. ಉಳಿದುದನ್ನು ಆಹಾರ, ಧೂಮಪಾನ, ಸೂಕ್ಷ್ಮಜೀವಿಗಳು ಮೊದಲಾದ ಪರಿಸರದ ಸಂಗತಿಗಳು ನಿರ್ಧರಿಸುತ್ತವೆ. ರೋಗಿಯ ಒಡಹುಟ್ಟಿದವರಿಗೆ ಅಪಾಯ ಇತರರಿಗಿಂತ ಹೆಚ್ಚೆಂಬುದು ನಿಜ. ಆದರೂ ಅವರಲ್ಲಿ ಬಹುಪಾಲು ಮಂದಿಗೆ ಈ ಕಾಯಿಲೆ ಬರುವುದಿಲ್ಲ.

ತಾಯಿತಂದೆಯರಿಬ್ಬರಿಂದಲೂ ದೋಷಯುಕ್ತ ಪ್ರತಿ ಬಂದರೆ ಮಾತ್ರ ತಲೆದೋರುವ ಕೆಲವು ರೋಗಗಳುಂಟು. ರಕ್ತಸಂಬಂಧದ ಮದುವೆಯಲ್ಲಿ ಅವುಗಳ ಸಂಭವ ಹೆಚ್ಚು. ಕರುಳಿನ ಉರಿಯೂತದ ಸಾಮಾನ್ಯ ರೂಪಗಳು ಆ ವರ್ಗಕ್ಕೆ ಸೇರುವುದಿಲ್ಲ. ಆದುದರಿಂದ ಇದನ್ನು 'ಆನುವಂಶಿಕ ರೋಗ'ವೆನ್ನುವುದಕ್ಕಿಂತ 'ಆನುವಂಶಿಕ ಒಲವುಳ್ಳ ರೋಗ'ವೆನ್ನುವುದು ಲೇಸು. 'ಒಲವು' ಎಂಬಲ್ಲಿ ವಾಲುವಿಕೆಯಿದೆ, ಬಿದ್ದೇ ತೀರಬೇಕೆಂಬ ವಿಧಿಯಿಲ್ಲ.

ಶಾಸ್ತ್ರವಿಷಯವನ್ನು ಅನುವಾದಿಸುವ ವಿದ್ಯಾರ್ಥಿಗಳು ಈ ಭೇದವನ್ನು ನೆನಪಿನಲ್ಲಿಡಬೇಕು. ವಾರಗಟ್ಟಲೆ ನಿಲ್ಲದ ಭೇದಿ, ಮಲದಲ್ಲಿ ರಕ್ತ, ತೂಕದ ಇಳಿತ ಕಂಡವರು ಅಂಜಿಕೆಯಿಲ್ಲದೆ ವೈದ್ಯರ ಬಳಿಗೆ ಹೋಗಬೇಕು. ನಮ್ಮ ದೇಶದಲ್ಲಿ ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯಂತೆಯೇ ತೋರುವುದರಿಂದ ಸರಿಯಾದ ಪರೀಕ್ಷೆ ಅತ್ಯಗತ್ಯ. ಮನೆತನಕ್ಕೆ ಕಳಂಕ ಹಚ್ಚದ ಪದವೊಂದು ರೋಗಿಯನ್ನು ಆ ಪರೀಕ್ಷೆಯವರೆಗೆ ಕರೆದೊಯ್ದರೆ, ಭಾಷೆಯನ್ನು ಅಭ್ಯಸಿಸಿದ ನಮ್ಮ ಶ್ರಮ ಸಾರ್ಥಕ.