14416: ಫೋನಿನಲ್ಲಿ ಸೇವ್ ಇರಬೇಕಾದ ಐದು ಅಂಕಿ

ಮೂರನೇ ಸೆಮ್ ರಿಸಲ್ಟ್ ಬಂದ ರಾತ್ರಿ ಕಣಗಲಾದಿಂದ ನನ್ನ ದೋಸ್ತ ಒಬ್ಬ ಫೋನ್ ಮಾಡಿದ್ದ. ಕಣಗಲಾ ಅಂದ್ರೆ ಸಂಕೇಶ್ವರ ದಾಟಿ ನಿಪ್ಪಾಣಿ ಕಡೆ ಹೊಂಟಾಗ ಹೈವೇ ಪಕ್ಕ ಸಿಗುವ ಊರು, ಹುಕ್ಕೇರಿ ತಾಲೂಕು. ಅವನಿಗೆ ನಾಲ್ಕು ಬ್ಯಾಕ್ ಉಳಿದಿದ್ದವು. ಅಳಲಿಲ್ಲ, ಯಾರನ್ನೂ ಬೈಯಲಿಲ್ಲ. “ಮನ್ಯಾಗ ಹೆಂಗ್ ಹೇಳ್ಲೆಪಾ? ನಾ ಇಲ್ಲಂದ್ರ ಅವ್ರಿಗೆ ಹಗುರ ಆಗತೈತಿ” ಅಂದ.

“ಏ, ಹುಚ್ಚರಂಗ ಮಾತಾಡಬ್ಯಾಡ, ರೀವ್ಯಾಲ್ಯುಯೇಶನ್ ಹಾಕು” ಅಂತ ನಾನು ಮಾತು ತೇಲಿಸಿಬಿಟ್ಟೆ. ಫೋನ್ ಇಟ್ಟ ಮೇಲೆ ನಿದ್ದೆ ಬರಲಿಲ್ಲ. ಅವನು ಮಾತಾಡಿದ್ದು ಮಾರ್ಕ್ಸ್ ಬಗ್ಗೆ ಅಲ್ಲವೇ ಅಲ್ಲ ಅನ್ನಿಸಿತು. ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದೆ. ಏನು ಕೇಳಬೇಕು, ಯಾರಿಗೆ ಹೇಳಬೇಕು ಒಂದೂ ಗೊತ್ತಿರಲಿಲ್ಲ. ಕಡೆಗೆ ಅವನ ಅಣ್ಣನಿಗೆ ಫೋನ್ ಮಾಡಿ ಎಬ್ಬಿಸಿದೆ. ಅವತ್ತು ನನಗೆ ಗೊತ್ತಿರಬೇಕಾಗಿದ್ದ ವಿಷಯ ಇಲ್ಲಿ ಬರೆದಿದ್ದೀನಿ.

ಇದು ಒಬ್ಬನ ಕಥೆ ಅಲ್ಲ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳು 13,044. “ಫೇಲಾದ, ಅದಕ್ಕೇ ಹಿಂಗಾಯ್ತು” ಅಂತ ಜನ ಒಂದೇ ಮಾತಲ್ಲಿ ಮುಗಿಸುತ್ತಾರೆ. ಆದರೆ ಕಾರಣ ಒಂದೇ ಇರುವುದು ಅಪರೂಪ. ಮನೆಯ ಸಾಲ, ಒಂಟಿತನ, ಮುರಿದ ಸಂಬಂಧ, ಗುರುತಿಗೆ ಬಾರದ ಖಿನ್ನತೆ, ಇವೆಲ್ಲ ಒಂದರ ಮೇಲೊಂದು ಕೂತಿರುತ್ತವೆ. ರಿಸಲ್ಟ್ ಅದರ ಮೇಲೆ ಬಂದು ಬೀಳುವ ಕೊನೆಯ ಹೊರೆ. ಸಾಯಬೇಕೆನ್ನುವ ಒತ್ತಡವೂ ಸದಾ ಒಂದೇ ಮಟ್ಟದಲ್ಲಿ ಇರುವುದಿಲ್ಲ, ಏರುತ್ತದೆ, ಇಳಿಯುತ್ತದೆ. ಏರಿದ ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರಿದ್ದರೆ ಎಷ್ಟೋ ಜೀವ ಉಳಿಯುತ್ತವೆ.

ಬಳ್ಳಾರಿ ಕಲಿಸಿದ ಪಾಠ

ಮನಸ್ಸಿನ ಕಾಯಿಲೆಗೆ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೇ ಹೋಗಬೇಕು ಅನ್ನುವುದು ಹಳೆಯ ನಂಬಿಕೆ. ಅದನ್ನು ಬದಲಿಸಿದ್ದು ನಮ್ಮ ಕರ್ನಾಟಕದ್ದೇ ಒಂದು ಪ್ರಯೋಗ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದರೂ ಹಳ್ಳಿಗೆ ಅದನ್ನು ಮುಟ್ಟಿಸುವುದು ಹೇಗೆ ಅನ್ನುವುದು ಸ್ಪಷ್ಟ ಇರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1985ರಿಂದ ಸುಮಾರು ಐದು ವರ್ಷ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ, ಆರೋಗ್ಯ ಕಾರ್ಯಕರ್ತರಿಗೇ ತರಬೇತಿ ಕೊಟ್ಟು, ಜಿಲ್ಲಾ ಮಟ್ಟದ ಒಂದು ತಂಡ ಬೆನ್ನಿಗಿದ್ದರೆ ಚಿಕಿತ್ಸೆ ಊರ ಹತ್ತಿರವೇ ಸಿಗುತ್ತದೆ. ಅದೇ ‘ಬಳ್ಳಾರಿ ಮಾದರಿ’. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಇದರ ಮೇಲೆಯೇ. ಇವತ್ತು ಅದು 700ಕ್ಕೂ ಹೆಚ್ಚು ಜಿಲ್ಲೆಗಳನ್ನು ಮುಟ್ಟಿದೆ.

ಆ ನಂಬರ್ ಹೇಗೆ ಕೆಲಸ ಮಾಡುತ್ತದೆ?

ಕೋವಿಡ್ ನಂತರ ಅದೇ ವಿಚಾರ ಫೋನಿಗೆ ಬಂತು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ‘ಟೆಲಿ ಮಾನಸ್’ ಶುರುವಾಯಿತು. ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ, ತಾಂತ್ರಿಕ ಬೆಂಬಲ ಐಐಐಟಿ ಬೆಂಗಳೂರಿನದು. ನಂಬರ್ 14416. ಇನ್ನೊಂದು 1800-891-4416. ದಿನದ 24 ಗಂಟೆ, ಪೂರ್ತಿ ಉಚಿತ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ, ಮರಾಠಿಯೂ ಇದೆ. ನಮ್ಮ ಗಡಿ ಊರುಗಳಿಗೆ ಅದು ಸಣ್ಣ ಮಾತಲ್ಲ.

ಒಳಗೆ ಎರಡು ಹಂತ. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತಾಡುತ್ತಾರೆ. ಎಷ್ಟೋ ಜನರಿಗೆ ಅಷ್ಟೇ ಸಾಕು. ಹೆಚ್ಚಿನ ನೆರವು ಬೇಕಿದ್ದರೆ ತಜ್ಞರಿಗೆ ದಾಟಿಸುತ್ತಾರೆ, ಎದುರಿಗೇ ತೋರಿಸಬೇಕಿದ್ದರೆ ಜಿಲ್ಲಾ ತಂಡ ಅಥವಾ ಮೆಡಿಕಲ್ ಕಾಲೇಜಿನ ದಾರಿ ಹೇಳುತ್ತಾರೆ. “ನನ್ನ ಫ್ರೆಂಡ್ ಹಿಂಗ್ ಅಂತಾನ್ರಿ, ನಾ ಏನ್ ಮಾಡ್ಲಿ?” ಅಂತ ಕೇಳಲಿಕ್ಕೂ ಫೋನ್ ಮಾಡಬಹುದು.

ಪೊಲೀಸ್ ಕೇಸ್ ಆಗ್ತದಾ?

ಈ ಹೆದರಿಕೆಗೇ ಎಷ್ಟೋ ಮನೆಯವರು ಬಾಯಿ ಬಿಡುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಈ ಹೆದರಿಕೆಗೆ ಉತ್ತರ ಕೊಡುತ್ತದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ. ಅವರಿಗೆ ಆರೈಕೆ, ಚಿಕಿತ್ಸೆ ಕೊಡುವುದು ಸರ್ಕಾರದ ಹೊಣೆ. ಐಪಿಸಿಯ ಹಳೆಯ 309ನೇ ಕಲಂ 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ರೂಪದಲ್ಲಿ ಇಲ್ಲ.

ಕಾಲೇಜಿನ ಹೊಣೆ

2022ರ ನವೆಂಬರಿನಲ್ಲಿ ಬಂದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರದ ಗುರಿ, 2030ರ ಹೊತ್ತಿಗೆ ಈ ಸಾವುಗಳನ್ನು ಶೇ. 10ರಷ್ಟು ಇಳಿಸುವುದು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಖಚಿತವಾಗಿ ಹೇಳಿತು: 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಒಬ್ಬರಾದರೂ ಇರಬೇಕು. ಟೆಲಿ ಮಾನಸ್ ಸೇರಿದಂತೆ ಸಹಾಯವಾಣಿ ನಂಬರುಗಳು ಹಾಸ್ಟೆಲ್, ಕ್ಲಾಸ್‌ರೂಮ್‌ಗಳಲ್ಲಿ ದೊಡ್ಡ ಅಕ್ಷರದಲ್ಲಿ ಕಾಣಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ನಮ್ಮ ಹಾಸ್ಟೆಲ್ ಗೋಡೆಯ ಮೇಲೆ ಆ ನಂಬರ್ ಇದೆಯಾ? ಇಲ್ಲದಿದ್ದರೆ ವಾರ್ಡನ್ ಸರ್‌ಗೆ ಕೇಳುವುದು ನಮ್ಮ ಹಕ್ಕು.

ನಾವು ಏನು ಮಾಡಬೇಕು?

ನೇರವಾಗಿ ಕೇಳ್ರಿ: “ಸಾಯೂ ವಿಚಾರ ಬರಾಕತ್ತೈತೇನೋ?” ಕೇಳಿದರೆ ಆ ವಿಚಾರ ತಲೆಗೆ ಹೊಕ್ಕುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಕೇಳುವವರು ಒಬ್ಬರಿದ್ದಾರೆ ಅಂತ ಎಷ್ಟೋ ಸಲ ಎದೆ ಹಗುರಾಗುತ್ತದೆ.

ಉಪದೇಶ ಬ್ಯಾಡ. “ನಿನಗಿಂತ ಕಷ್ಟದಾಗ ಇದ್ದವ್ರು ಅದಾರ” ಅನ್ನಬ್ಯಾಡ್ರಿ. ಸುಮ್ಮನೆ ಕೇಳಿಸಿಕೊಳ್ಳಿ.

ಒಬ್ಬರನ್ನೇ ಬಿಡಬೇಡಿ. ಜೊತೆಗೆ ಕೂತು, ಸ್ಪೀಕರ್ ಹಾಕಿ 14416ಕ್ಕೆ ನೀವೇ ಫೋನ್ ಹಚ್ಚಿ. ಅಪಾಯ ಈಗಲೇ ಇದೆ ಅನ್ನಿಸಿದರೆ 112, ಆಂಬುಲೆನ್ಸಿಗೆ 108.

“ಯಾರಿಗೂ ಹೇಳಬ್ಯಾಡ” ಅಂದರೂ ಮನೆಯವರಲ್ಲೋ ಮೇಷ್ಟ್ರಲ್ಲೋ ನಂಬಿಕೆಯ ಒಬ್ಬರಿಗೆ ಹೇಳಿ. ಮಾತು ಮುರಿದರೆ ದೋಸ್ತ ನಾಲ್ಕು ದಿನ ಸಿಟ್ಟಾಗಬಹುದು. ಸಿಟ್ಟಾಗಲಿಕ್ಕೆ ಅವನು ಇರಬೇಕಲ್ಲ.

ನನ್ನ ದೋಸ್ತ ನನ್ನ ಜೊತೆ ಎರಡು ವಾರ ಮಾತು ಬಿಟ್ಟಿದ್ದ. ಅಣ್ಣ ಅವನನ್ನು ಧಾರವಾಡದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋದ. ಔಷಧ, ಕೌನ್ಸೆಲಿಂಗ್ ನಡೆಯಿತು. ನಾಲ್ಕು ಬ್ಯಾಕ್‌ನಲ್ಲಿ ಎರಡು ಕ್ಲಿಯರ್ ಆಗಿವೆ, ಎರಡು ಇನ್ನೂ ಅದಾವ. ಹೋದ ವಾರ ಅವನೇ ಫೋನ್ ಮಾಡಿ ಎಂ3 ನೋಟ್ಸ್ ಕೇಳಿದ.

ನೀವೂ ಇದನ್ನು ಓದುತ್ತಾ “ಇದು ನನ್ನದೇ ಮಾತು” ಅಂದುಕೊಂಡಿದ್ದರೆ, ಈ ಪುಟ ಮುಚ್ಚುವ ಮೊದಲು ಆ ಐದು ಅಂಕಿ ಒತ್ತಿ. ಏನು ಹೇಳಬೇಕು ಅಂತ ತಯಾರಿ ಬೇಕಿಲ್ಲ. “ಮನಸ್ಸಿಗೆ ಆರಾಮ ಇಲ್ರಿ” ಅಂದರೆ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ.