ಮನೆ ಸೇರಿದ ಮೇಲೆ ಶುರುವಾಗುವ ವಾಕರಿಕೆ

ಬುದ್ಧಿಹಲ್ಲು ಕೀಳಿಸಿಕೊಳ್ಳುವವರು ನೋವಿಗೂ ಬಾವಿಗೂ ಸಿದ್ಧರಾಗಿಯೇ ಹೋಗುತ್ತಾರೆ. ವಾಂತಿಯ ಬಗ್ಗೆ ಯಾರೂ ಯೋಚಿಸಿರುವುದಿಲ್ಲ. ಮಂಪರು ಮದ್ದು ಕೊಟ್ಟು, ಹಲ್ಲು ತೆಗೆದು, ಅದೇ ದಿನ ಮನೆಗೆ ಕಳಿಸಿದಾಗ ಈ ತೊಂದರೆ ವೈದ್ಯರ ಕಣ್ಣಿಗೆ ಬೀಳುವುದೇ ಇಲ್ಲ. ಅಮೆರಿಕದಲ್ಲಿ ಪೂರ್ಣ ಅರಿವಳಿಕೆ ಪಡೆದು ಅದೇ ದಿನ ಮನೆಗೆ ಮರಳಿದ 2,170 ಮಂದಿಯ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ 37ರಷ್ಟು ಮಂದಿಗೆ ಮೊದಲ 48 ಗಂಟೆಗಳಲ್ಲಿ ವಾಕರಿಕೆಯೋ ವಾಂತಿಯೋ ಕಾಡಿತ್ತು.

ಲಘು ಮಂಪರಿನಲ್ಲಿ ಈ ಅಪಾಯ ಕಡಿಮೆ. ಆದರೆ ಬಾಯಿಯ ಶಸ್ತ್ರಚಿಕಿತ್ಸೆಯಲ್ಲಿ ಇನ್ನೆರಡು ಕಾರಣಗಳು ಸೇರಿಕೊಳ್ಳುತ್ತವೆ. ಒಂದು, ನುಂಗಿದ ರಕ್ತ. ಅದು ಜಠರವನ್ನು ಕೆರಳಿಸುತ್ತದೆ. ಇನ್ನೊಂದು, ಟ್ರಮಡಾಲ್‌ನಂಥ ನೋವಿನ ಮಾತ್ರೆ. ಅದು ಮಿದುಳಿನ ವಾಂತಿ ಕೇಂದ್ರವನ್ನು ಪ್ರಚೋದಿಸುತ್ತದೆ.

ವಾಂತಿಯಾದರೆ ಆಗುವ ನಷ್ಟ ಸುಸ್ತಿಗೆ ಮುಗಿಯುವುದಿಲ್ಲ. ಹಲ್ಲಿದ್ದ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಎಲುಬು ಬರಿದಾಗಿ, ಎರಡು-ಮೂರು ದಿನಗಳಲ್ಲಿ ಕಿವಿಯವರೆಗೂ ಸೆಳೆಯುವ ನೋವು ಏಳಬಹುದು. ಇದೇ ಡ್ರೈ ಸಾಕೆಟ್. ಮಂಪರು ಇಳಿಯದ ವ್ಯಕ್ತಿ ಬಾಯಲ್ಲಿ ಗಾಜ್ ಬಟ್ಟೆ ಕಚ್ಚಿಕೊಂಡು ಅಂಗಾತ ಮಲಗಿದ್ದಾಗ ವಾಂತಿಯಾದರೆ ಅದು ಶ್ವಾಸನಾಳಕ್ಕೆ ಇಳಿಯುವ ಭಯವಿದೆ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ಹೊಟ್ಟೆಯಲ್ಲಿ ನಿಲ್ಲದಿದ್ದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು.

ವಾಂತಿಯಾಗುವ ಸಂಭವವನ್ನು ಮೊದಲೇ ಅಂದಾಜು ಮಾಡಬಹುದು. ಪೂರ್ಣ ಅರಿವಳಿಕೆಗಾಗಿ 1999ರಲ್ಲಿ ಕ್ರಿಶ್ಚಿಯನ್ ಆಪ್ಫೆಲ್ ತಂಡ ಕೊಟ್ಟ ಲೆಕ್ಕ ಸರಳ. ಹೆಣ್ಣಾಗಿರುವುದು, ಧೂಮಪಾನಿ ಅಲ್ಲದಿರುವುದು, ಪ್ರಯಾಣದಲ್ಲಿ ಅಥವಾ ಹಿಂದಿನ ಅರಿವಳಿಕೆಯಲ್ಲಿ ವಾಂತಿಯಾಗಿರುವುದು, ಶಸ್ತ್ರಚಿಕಿತ್ಸೆಯ ನಂತರ ಓಪಿಯಾಯ್ಡ್ (ಟ್ರಮಡಾಲ್ ವರ್ಗದ ನೋವಿನ ಮದ್ದು) ಕೊಡುವುದು: ಈ ನಾಲ್ಕರಲ್ಲಿ ಒಂದೂ ಇಲ್ಲದವರಿಗೆ ಅಪಾಯ ಸುಮಾರು ಶೇ 10, ಎರಡಿದ್ದರೆ ಶೇ 40, ನಾಲ್ಕೂ ಇದ್ದರೆ ಶೇ 80. ಹಾಗೆಂದು ಸೇದುವುದು ಮದ್ದಲ್ಲ; ಹೊಗೆ ಡ್ರೈ ಸಾಕೆಟ್‌ಗೆ ದಾರಿ ಮಾಡುತ್ತದೆ. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಹೊಟ್ಟೆ ತೊಳಸುವವರು ಅದನ್ನು ದಂತವೈದ್ಯರಿಗೆ ಮರೆಯದೆ ಹೇಳಬೇಕು.

ಹೇಳಿದರೆ ವೈದ್ಯರು ವಾಂತಿ ತಡೆಯಲು ಒಂಡಾನ್ಸೆಟ್ರಾನ್ ಅಥವಾ ಡೆಕ್ಸಾಮೆಥಾಸೋನ್ ಮೊದಲೇ ಕೊಡಬಹುದು. ಎರಡನೆಯದು ಬಾವನ್ನೂ ತಗ್ಗಿಸುತ್ತದೆ, ಆದರೆ ಸಕ್ಕರೆ ಏರಿಸುತ್ತದೆ. ಹೃದಯದ ಲಯದ ತೊಂದರೆಯಿರುವವರು ಒಂಡಾನ್ಸೆಟ್ರಾನನ್ನು ಕೇಳದೆ ನುಂಗಬಾರದು. ಮೂತ್ರಪಿಂಡದ ತೊಂದರೆ, ಜಠರದ ಹುಣ್ಣು ಇಲ್ಲದ ಬಹುತೇಕರಿಗೆ ಐಬುಪ್ರೊಫೆನ್, ಪ್ಯಾರಾಸಿಟಮಾಲ್ ಜೋಡಿಯೇ ನೋವಿಗೆ ಸಾಕಾಗುತ್ತದೆ; ಟ್ರಮಡಾಲ್ ಬೇಕಾಗುವುದೇ ಇಲ್ಲ.

ಮನೆಯಲ್ಲಿ ತಲೆ ಎತ್ತರಿಸಿ, ಒಂದು ಮಗ್ಗುಲಿಗೆ ಮಲಗಿಸಿ. ಜೋರಾಗಿ ಉಗುಳಬೇಡಿ ಎಂದರೆ ರಕ್ತವನ್ನೆಲ್ಲ ನುಂಗಿ ಎಂದಲ್ಲ. ತಲೆ ಬಾಗಿಸಿ ಬಟ್ಟಲಿಗೆ ತಾನಾಗಿ ಇಳಿಯಲು ಬಿಡಿ. ವಾಕರಿಕೆ ಬಂದರೆ ಮೊದಲು ಗಾಜ್ ತೆಗೆಯಿರಿ. ನೀರು, ಎಳನೀರು ಗುಟುಕು ಗುಟುಕಾಗಿ ಕುಡಿಸಿ, ಸ್ಟ್ರಾ ಬೇಡ. ಮೊದಲ ವಾಂತಿಯಲ್ಲಿ ಕಂದು ಬಣ್ಣ ಕಂಡರೆ ಅದು ಸಾಮಾನ್ಯವಾಗಿ ನುಂಗಿದ ಹಳೆಯ ರಕ್ತ. ಕೆಂಪು ರಕ್ತ ನಿಲ್ಲದಿದ್ದರೆ, ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ, ಎಬ್ಬಿಸಿದರೂ ಎಚ್ಚರವಾಗದಿದ್ದರೆ, ಉಸಿರು ಎಳೆದಾಡಿದರೆ ಬೆಳಗಿನವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.