ಹಲಸಿನಕಾಯಿ ಹಪ್ಪಳಕ್ಕೆ ಎಷ್ಟು ಕೈ ಬೇಕು

ಶಿವರಾತ್ರಿ ಕಳೆಯುವ ಹೊತ್ತಿಗೆ ಸಿರಸಿ, ಸಿದ್ದಾಪುರ, ಸಾಗರದ ಕಡೆಯ ಮನೆಗಳಲ್ಲಿ ಅಡಿಕೆಯ ಗಡಿಬಿಡಿ ಬಹುಮಟ್ಟಿಗೆ ಮುಗಿದಿರುತ್ತದೆ. ಸುಲಿದು, ಬೇಯಿಸಿ, ಒಣಗಿಸಿದ ಅಡಿಕೆ ಚೀಲ ಸೇರಿ ಅಂಗಳದ ಅಟ್ಟ ಖಾಲಿಯಾಗಿರುತ್ತದೆ. ಇನ್ನೊಂದು ತಿಂಗಳು ಕಳೆದರೆ ಹಲಸಿನ ಮರದ ಕಾಂಡಕ್ಕೆ ಅಂಟಿ ಕೂತ ಕಾಯಿಗಳು ಬೆಳೆದು ನಿಲ್ಲುತ್ತವೆ. ಏಪ್ರಿಲ್ 10ರ ರಿಸಲ್ಟ್ ಕೇಳಿಕೊಂಡು ಮಕ್ಕಳು ಮನೆಗೆ ಓಡಿಬರುತ್ತಾರೆ. ಅಂಗಳದ ಮಣ್ಣು ಬರಿಗಾಲಿಗೆ ಚುರುಕ್ಕೆನ್ನುವಷ್ಟು ಬಿಸಿಲು ಏರುತ್ತದೆ. ಖಾಲಿ ಅಟ್ಟ, ಬೆಳೆದ ಕಾಯಿ, ಬಿಡುವಿರುವ ಕೈ, ಗಟ್ಟಿ ಬಿಸಿಲು ಎಲ್ಲವೂ ಒಟ್ಟಿಗೆ ಒದಗುವುದು ವರ್ಷದಲ್ಲಿ ಐದಾರು ವಾರ ಮಾತ್ರ. ಹಲಸಿನಕಾಯಿ ಹಪ್ಪಳ ಆ ಐದಾರು ವಾರಗಳ ಕಸುಬು. ಅದಕ್ಕೆ ಮುಂಚೆ ಕಾಯಿಯಿಲ್ಲ, ಆಮೇಲೆ ಬಿಸಿಲಿಲ್ಲ.

ಇದನ್ನು ಅಡುಗೆಯೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಅಡುಗೆಯಾದರೆ ಒಬ್ಬರೇ ಮಾಡಿ ಮುಗಿಸಬಹುದು. ಹಪ್ಪಳಕ್ಕೆ ಮರ ಹತ್ತುವವರು ಬೇಕು, ಸೊಳೆ ಬಿಡಿಸುವವರು ಬೇಕು, ಕುಟ್ಟುವ ತೋಳು, ಒತ್ತುವ ಅಂಗೈ, ಕಾಗೆ ಕಾಯುವ ಕಣ್ಣು ಎಲ್ಲ ಬೇಕು. ಏಳು ವರ್ಷದ ಹುಡುಗನಿಂದ ಎಪ್ಪತ್ತು ದಾಟಿದ ಅಜ್ಜಿಯವರೆಗೆ ಇದರಲ್ಲಿ ಎಲ್ಲರಿಗೂ ನಿಜವಾದ ಕೆಲಸವಿದೆ. ಮಕ್ಕಳನ್ನು ಸುಮ್ಮನಿರಿಸಲು ಕೊಟ್ಟ ಕೆಲಸವಲ್ಲ ಅದು. ಯಾರೊಬ್ಬರ ಕೈ ತಪ್ಪಿದರೂ ಆಷಾಢದಲ್ಲಿ ಡಬ್ಬ ತೆರೆದಾಗ ಗೊತ್ತಾಗಿಬಿಡುತ್ತದೆ.

ಕೆಲಸ ಶುರುವಾಗುವುದು ಮರದ ಬುಡದಲ್ಲಿ. ಬೀಜದಿಂದ ಹುಟ್ಟಿದ ಹಲಸು ತಾಯಿಮರದ ಹಾಗೇ ಇರಬೇಕೆಂದಿಲ್ಲ. ಹಾಗಾಗಿ ಒಂದೇ ತೋಟದ ಹತ್ತು ಮರದ ಕಾಯಿ ಹತ್ತು ಥರ. ಬಕ್ಕೆ, ಅಂಬಲಿ ಎಂದು ದೊಡ್ಡದಾಗಿ ಎರಡು ಜಾತಿ ಮಾಡುತ್ತಾರೆ. ಬಕ್ಕೆಯ ಸೊಳೆ ಗಟ್ಟಿ, ಅಂಬಲಿಯದು ಹಣ್ಣಾದರೆ ಜಾರಿ ಹೋಗುವಷ್ಟು ಮೆತ್ತಗೆ. ಬಕ್ಕೆಯೇ ಆಗಬೇಕೆನ್ನುವ ಮನೆಗಳು ಬಹಳ. ಆದರೆ ಅನುಭವಸ್ಥರನ್ನು ಕೇಳಿದರೆ ಜಾತಿಯ ಮಾತು ಹಿಂದಕ್ಕೆ ಸರಿದು ಮರದ ಮಾತು ಬರುತ್ತದೆ. 'ಕೊಟ್ಟಿಗೆ ಹಿಂದಿನ ಮರದ್ದು ಹಪ್ಪಳಕ್ಕೆ ಚಲೋ, ಬಾವಿಕಟ್ಟೆ ಮರದ್ದು ಹಣ್ಣಿಗೆ ಮಾತ್ರ' ಎಂಬ ತೀರ್ಪು ಅಜ್ಜಿಯ ಕಾಲದಿಂದ ನಡೆದು ಬಂದಿರುತ್ತದೆ. ಯಾವ ಮರದ ಸೊಳೆಯಲ್ಲಿ ನಾರು ಕಡಿಮೆ, ಯಾವುದರ ಹಿಟ್ಟು ಅಂಟಿಕೊಂಡು ಬರುತ್ತದೆ ಎಂಬುದನ್ನು ವರ್ಷವರ್ಷವೂ ತಿಂದು ನೋಡಿ ಕಟ್ಟಿಕೊಂಡ ಜ್ಞಾನ ಇದು. ಯಾವ ಪುಸ್ತಕದಲ್ಲೂ ಇದು ಸಿಗುವುದಿಲ್ಲ, ಏಕೆಂದರೆ ಆ ಮರ ಆ ಮನೆಯಲ್ಲಿ ಮಾತ್ರ ಇದೆ.

ಮರ ಗೊತ್ತಾದ ಮೇಲೆ ಕಾಯಿ ಗೊತ್ತಾಗಬೇಕು. ಹಪ್ಪಳಕ್ಕೆ ಬೇಕಾದದ್ದು ಪೂರ್ತಿ ಬೆಳೆದ, ಆದರೆ ಹಣ್ಣಿನ ಕಡೆಗೆ ಇನ್ನೂ ತಿರುಗದ ಕಾಯಿ. ಎಳೆಯದಾದರೆ ಸೊಳೆ ತೆಳ್ಳಗೆ, ನೀರು ನೀರು. ಬಲಿತ ಕಾಯಿಯ ಸೊಳೆಯ ತುಂಬ ಪಿಷ್ಟವಿರುತ್ತದೆ. ಹಪ್ಪಳವನ್ನು ಹಿಡಿದು ನಿಲ್ಲಿಸುವುದೇ ಅದು. ಕಾಯಿ ಹಣ್ಣಾಗತೊಡಗಿದೊಡನೆ ಆ ಪಿಷ್ಟ ಸಕ್ಕರೆಯಾಗುತ್ತದೆ. ಸಕ್ಕರೆ ಸೇರಿದ ಹಪ್ಪಳ ಬಿಸಿಲಲ್ಲಿ ಒಣಗಲು ಸತಾಯಿಸುತ್ತದೆ, ಎಣ್ಣೆಗೆ ಬಿದ್ದೊಡನೆ ಕಂದಿ ಕಪ್ಪಾಗುತ್ತದೆ. ಆದ್ದರಿಂದ ಕಾಯಿಯ ಮೈಯನ್ನು ಓದಬೇಕು. ಒತ್ತೊತ್ತಾಗಿದ್ದ ಮುಳ್ಳುಗಳು ಬಿಡಿಬಿಡಿಯಾಗಿ ಚಪ್ಪಟೆಯಾಗಿವೆಯೇ, ತೊಟ್ಟಿನ ಹತ್ತಿರದ ಎಲೆ ಹಳದಿಯಾಗಿದೆಯೇ ನೋಡಬೇಕು. ಕೊನೆಗೆ ಕತ್ತಿಯ ಹಿಂಬದಿಯಿಂದ ಬಡಿದು ಕೇಳಬೇಕು. ಎಳೆಗಾಯಿ ಮರದ ತುಂಡಿನ ಹಾಗೆ ಗಟ್ಟಿಯಾಗಿ ದನಿ ಕೊಡುತ್ತದೆ, ಹಣ್ಣು ಡೊಳ್ಳಾಗಿ. ಹಪ್ಪಳದ ಕಾಯಿಯ ದನಿ ಇವೆರಡರ ನಡುವೆ ಎಲ್ಲೋ ಇದೆ. ಬಡಿದು ಕೇಳಿ 'ಇನ್ನು ನಾಲ್ಕು ದಿನ ಬಿಡಿ' ಎನ್ನಬಲ್ಲವರನ್ನು ಕಂಡರೆ ನನಗೆ ಸಂಗೀತ ಬಲ್ಲವರನ್ನು ಕಂಡಷ್ಟೇ ಗೌರವ.

ಮಕ್ಕಳಿಗೆ ದಿನದ ಮೊದಲ ಸಾಹಸ ಇಲ್ಲೇ. ಕಾಯಿಯೊಂದು ಹತ್ತು ಹದಿನೈದು ಕಿಲೋ ತೂಗುವುದು ಸಾಮಾನ್ಯ. ಅದನ್ನು ಕಡಿದು ಬೀಳಿಸುವ ಹಾಗಿಲ್ಲ; ಪೆಟ್ಟಾದ ಭಾಗ ರಾತ್ರಿ ಬೆಳಗಾಗುವುದರೊಳಗೆ ಮೆತ್ತಗಾಗುತ್ತದೆ. ಮೇಲೆ ಹತ್ತಿದವರು ತೊಟ್ಟಿಗೆ ಹಗ್ಗ ಕಟ್ಟಿ, ಹಗ್ಗವನ್ನು ಕೊಂಬೆಗೆ ಒಂದು ಸುತ್ತು ಹಾಕಿ, ಆಮೇಲೆ ಕತ್ತಿ ಹಾಕುತ್ತಾರೆ. ಕೆಳಗೆ ನಿಂತವರು ಹಗ್ಗವನ್ನು ಸ್ವಲ್ಪಸ್ವಲ್ಪವೇ ಬಿಟ್ಟುಕೊಡಬೇಕು. ಅಷ್ಟರಲ್ಲಿ ಚಗಳಿ ಇರುವೆಗಳು ಹತ್ತಿದವರ ಕಾಲನ್ನೂ ಹಗ್ಗ ಹಿಡಿದವರ ಕೈಯನ್ನೂ ಹುಡುಕಿಕೊಂಡು ಬಂದಿರುತ್ತವೆ. ಕಚ್ಚಿದರೂ ಹಗ್ಗ ಬಿಡುವಂತಿಲ್ಲ ಎಂಬ ಪಾಠವನ್ನು ಮಲೆನಾಡಿನ ಮಕ್ಕಳು ಕಲಿಯುವುದು ಹೀಗೆ.

ಕಾಯಿ ಹೆಚ್ಚುವುದು ಜಗಲಿಯ ಮೇಲೆ ಅಥವಾ ಹಿತ್ತಲಲ್ಲಿ, ಹಳೆಯ ಗೋಣಿ ಹಾಸಿಕೊಂಡು. ಹಲಸಿನ ಮೇಣ ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಮಾತ್ರ ಬಗ್ಗುತ್ತದೆ. ಕೈಗೆ, ಕತ್ತಿಗೆ, ಮೆಟ್ಟುಗತ್ತಿಯ ಅಲಗಿಗೆ ಮೊದಲೇ ತೆಂಗಿನೆಣ್ಣೆ ಹಚ್ಚಿಕೊಳ್ಳಬೇಕು. ಕಾಯಿಯನ್ನು ಸೀಳಿದೊಡನೆ ಬಿಳಿ ಹಾಲು ಉಕ್ಕುತ್ತದೆ. ಅದನ್ನು ಒಂದು ಕಡ್ಡಿಗೆ ಸುತ್ತಿ ಸುತ್ತಿ ತೆಗೆಯುವ ಕೆಲಸ ಮಕ್ಕಳದು. ಹೀಗೆ ಸುತ್ತಿದ ಮೇಣದ ಉಂಡೆಯನ್ನು ಹಿಂದೆ ಎಸೆಯುತ್ತಿರಲಿಲ್ಲ. ತೂತುಬಿದ್ದ ಪಾತ್ರೆಗೆ ಕಾಯಿಸಿ ಮೆತ್ತಲು ಇಟ್ಟುಕೊಳ್ಳುತ್ತಿದ್ದರು. ಆಮೇಲೆ ನಡುವಿನ ಗೂಂಜು ತೆಗೆದು, ಸೊಳೆ ಬಿಡಿಸಿ, ಬೇಳೆಯನ್ನೂ ಅದರ ಪೊರೆಯನ್ನೂ ಬೇರೆ ಮಾಡುತ್ತಾರೆ. ಸಿಪ್ಪೆ ಕೊಟ್ಟಿಗೆಗೆ, ಬೇಳೆ ಸಾರು ಪಲ್ಯಕ್ಕೆ. ಮಿಕ್ಕ ಸೊಳೆಯಲ್ಲಿ ಒಂದಿಷ್ಟು ಉಪ್ಪುನೀರಿನ ಭರಣಿಗೆ ಹೋಗಿ ಮಳೆಗಾಲದ ಉಪ್ಪುಸೊಳೆಯಾಗುತ್ತದೆ. ಕಾಯಿಯ ಯಾವ ಭಾಗವೂ ತಿಪ್ಪೆಗೆ ಹೋಗುವುದಿಲ್ಲ.

ಸೊಳೆಯನ್ನು ಬೇಯಿಸುವುದು ಉಗಿಯಲ್ಲಿ. ನೀರಿಗೆ ಹಾಕಿ ಕುದಿಸಿದರೆ ಸೊಳೆ ನೀರು ಕುಡಿದು ಹಿಟ್ಟು ಸಡಿಲವಾಗುತ್ತದೆ. ಕುಡಿದ ನೀರನ್ನೆಲ್ಲ ಮತ್ತೆ ಬಿಸಿಲೇ ಎಳೆಯಬೇಕು. ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿದರೆ ಗಂಟಿಲ್ಲದೆ ನುರಿಯಬೇಕು, ಆದರೆ ಬೆರಳು ಒದ್ದೆಯಾಗಬಾರದು. ಅಷ್ಟಾದರೆ ಬೆಂದಿದೆ. ಬೆಂದದ್ದನ್ನು ಬಿಸಿಯಿರುವಾಗಲೇ ಒರಳಿಗೆ ಹಾಕಬೇಕು, ತಣಿದರೆ ಪಿಷ್ಟ ಬಿಗಿದುಕೊಂಡು ಒನಕೆಗೆ ಜಗ್ಗುವುದಿಲ್ಲ. ಇಬ್ಬರು ಎದುರುಬದುರು ನಿಂತು ಒಬ್ಬರ ಒನಕೆ ಏಳುವಾಗ ಇನ್ನೊಬ್ಬರದು ಇಳಿಯುವ ಹಾಗೆ ಕುಟ್ಟುತ್ತಿದ್ದರು. ನಡುವೆ ಅಂಚಿಗೆ ಹತ್ತಿದ ಹಿಟ್ಟನ್ನು ಒಳಗೆ ತಳ್ಳುವ ಮೂರನೆಯ ಕೈ, ಒನಕೆಗೆ ಸಿಗದೆ ಹೋಗಿ ಬರುವುದನ್ನು ನೋಡಬೇಕಿತ್ತು! ಈಗ ಹೆಚ್ಚಿನ ಮನೆಗಳಲ್ಲಿ ಗ್ರೈಂಡರು, ಅಥವಾ ಕೈಯಲ್ಲಿ ತಿರುಗಿಸುವ ಯಂತ್ರ. ಅದರಿಂದ ಹಪ್ಪಳ ಕೆಟ್ಟಿತೆಂದು ನಾನು ಹೇಳುವುದಿಲ್ಲ. ತೋಳಿಗೆ ಸಿಕ್ಕ ಬಿಡುವು ನ್ಯಾಯವಾದದ್ದೇ.

ಕುಟ್ಟುವಾಗಲೇ ಉಪ್ಪು, ಒಣಮೆಣಸು, ಜೀರಿಗೆ, ಕೊತ್ತಂಬರಿ, ಇಂಗಿನ ನೀರು ಸೇರುತ್ತವೆ. ಕೆಲವರು ಒಣಮೆಣಸಿನ ಬದಲು ಸೂಜಿಮೆಣಸು ಹಾಕುತ್ತಾರೆ. ಅದರ ಖಾರಕ್ಕೆ ಬೇರೆಯದೇ ಚುರುಕು. ಉಪ್ಪಿನ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಹಿಟ್ಟಿನಲ್ಲಿ ರುಚಿಗೆ ಸರಿಯೆನಿಸುವಷ್ಟು ಹಾಕಿದರೆ ಒಣಗಿದ ಹಪ್ಪಳ ಉಪ್ಪಾಗಿರುತ್ತದೆ, ಯಾಕೆಂದರೆ ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಹಿಟ್ಟು ಸ್ವಲ್ಪ ಸಪ್ಪೆಯೆನಿಸಬೇಕು. ಆ ಸಪ್ಪೆ ಹಿಟ್ಟೇ ಮಕ್ಕಳ ಸಂಬಳ. ಬಿಸಿ ಹಿಟ್ಟಿನ ಉಂಡೆಗೆ ನಡುವೆ ಹೆಬ್ಬೆರಳಿಂದ ಗುಳಿ ಮಾಡಿ, ತೆಂಗಿನೆಣ್ಣೆ ಬಿಟ್ಟು ಕೈಗಿಡುತ್ತಾರೆ. ಹಪ್ಪಳಕ್ಕಿಂತ ಹಿಟ್ಟೇ ರುಚಿ ಎಂದು ವಾದಿಸುವ ದೊಡ್ಡವರು ನಮ್ಮ ಕಡೆ ಕಡಿಮೆಯಿಲ್ಲ. ನಾನೂ ಅವರ ಪಕ್ಷವೇ.

ಇನ್ನು ಒತ್ತುವುದು. ಕೆಲಸದ ಸೊಗಸೆಲ್ಲ ಇರುವುದು ಇಲ್ಲಿ. ಮಣೆಯ ಮೇಲೆ ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆ. ಹಿಂದೆ ಇದೇ ಜಾಗದಲ್ಲಿ ಬಾಳೆ ಎಲೆ ಇತ್ತು. ಮಧ್ಯೆ ನಿಂಬೆಗಾತ್ರದ ಉಂಡೆ, ಮೇಲೊಂದು ಹಾಳೆ. ಪಳಗಿದ ಅತ್ತೆಯೊಬ್ಬರ ಕೈಯನ್ನು ಹತ್ತಿರದಿಂದ ನೋಡಿ. ಅವರು ಮೇಲಿನಿಂದ ಜಜ್ಜುವುದಿಲ್ಲ. ಅಂಗೈಯ ಬುಡವನ್ನು ಉಂಡೆಯ ನಡುವೆ ಇಟ್ಟು ಹೊರಗಡೆಗೆ ಒಂದು ಸಲ ತಳ್ಳಿ, ಎಡಗೈಯಿಂದ ಹಾಳೆಯನ್ನು ಕಾಲು ಸುತ್ತು ತಿರುಗಿಸುತ್ತಾರೆ. ಮತ್ತೆ ನಡುವಿನಿಂದ ಹೊರಗೆ, ಮತ್ತೆ ಕಾಲು ಸುತ್ತು. ನಾಲ್ಕು ತಳ್ಳಿಗೆ ಉಂಡೆ ಬಿಲ್ಲೆಯಾಗಿರುತ್ತದೆ. ಆಮೇಲೆ ಬೆರಳ ತುದಿಗಳು ಅಂಚಿನ ಸುತ್ತ ಒಮ್ಮೆ ಓಡಿ ಬರುತ್ತವೆ. ಒತ್ತುವುದಕ್ಕಲ್ಲ, ದಪ್ಪ ಉಳಿದ ಕಡೆ ಹುಡುಕುವುದಕ್ಕೆ. ನಡು ದಪ್ಪವಾಗಿ ಅಂಚು ತೆಳ್ಳಗಾದರೆ ಕರಿಯುವಾಗ ಅಂಚು ಸೀಯುತ್ತದೆ, ನಡು ಹಸಿ ಉಳಿಯುತ್ತದೆ. ಹೀಗಾಗಿ ದುಂಡಗಿರುವುದಕ್ಕಿಂತ ಸಮವಾಗಿರುವುದು ಮುಖ್ಯ.

ಹೊಸಬರು ಸೋಲುವುದು ಒತ್ತುವಲ್ಲಲ್ಲ, ಬಿಡಿಸುವಲ್ಲಿ. ಅವರು ಹಾಳೆಯಿಂದ ಹಪ್ಪಳವನ್ನು ಎಬ್ಬಿಸಲು ಹೋಗುತ್ತಾರೆ, ಅದು ಹರಿಯುತ್ತದೆ. ಬಲ್ಲವರು ಮೇಲಿನ ಹಾಳೆ ತೆಗೆದು, ಕೆಳಗಿನ ಹಾಳೆಯ ಸಮೇತ ಹಪ್ಪಳವನ್ನು ಚಾಪೆಯ ಮೇಲೆ ಬೋರಲು ಹಾಕುತ್ತಾರೆ. ಹಪ್ಪಳವನ್ನು ಚಾಪೆ ಹಿಡಿದುಕೊಳ್ಳಲಿ ಎಂದು ಅಂಗೈಯಿಂದ ಒಮ್ಮೆ ಸವರಿ, ಹಾಳೆಯ ಒಂದು ಮೂಲೆ ಹಿಡಿದು ಮೇಲಕ್ಕೆ ಎತ್ತದೆ ಚಾಪೆಗೆ ತಾಗುವ ಹಾಗೆ ಹಿಂದಕ್ಕೆ ಮಡಚಿಕೊಂಡು ಎಳೆಯುತ್ತಾರೆ. ಹಪ್ಪಳ ಮಲಗಿದಲ್ಲೇ ಇರುತ್ತದೆ, ಹಾಳೆ ಮಾತ್ರ ಬರುತ್ತದೆ. ನೋಡಲು ಏನೂ ಇಲ್ಲದ ಈ ಚಲನೆಯನ್ನು ಕಲಿಯಲು ಒಂದು ಬೇಸಿಗೆ ಬೇಕು.

ನೂರಾರು ಹಪ್ಪಳದ ಕೆಲಸ ಒಂದು ಮನೆಯ ಕೈಗೆ ಮುಗಿಯುವುದಲ್ಲ. ಇವತ್ತು ಆಚೆಮನೆ ಅತ್ತೆ, ಕೆಳಗಿನಮನೆ ಅಕ್ಕ ಇಲ್ಲಿಗೆ ಬಂದರೆ ನಾಳೆ ಇಲ್ಲಿಯವರು ಅಲ್ಲಿಗೆ. ಈ ಮುಯ್ಯಾಳಿನ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಚಾಪೆಯ ಮೇಲೆ ಯಾರ ಸಾಲು ಯಾವುದೆಂದು ಸಂಜೆಗೂ ಗುರುತು ಸಿಗುತ್ತದೆ. ಹತ್ತು ವರ್ಷದ ಹುಡುಗಿಯ ವಕ್ರ ಹಪ್ಪಳಗಳಿಗೂ ಅದೇ ಚಾಪೆಯಲ್ಲಿ ಜಾಗವಿದೆ.

ಒಣಗಿಸುವುದೆಂದರೆ ಬಿಸಿಲಿಗೆ ಹಾಕಿ ಮರೆಯುವುದಲ್ಲ. ಮೇಲ್ಮೈ ಬಿಗಿದು ಅಡಿ ಇನ್ನೂ ಹಸಿಯಿರುವಾಗ, ಅಂದರೆ ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ, ತಿರುವಿ ಹಾಕಬೇಕು. ತಡವಾದರೆ ಅಂಚು ಮೇಲೆದ್ದು ಬಟ್ಟಲಾಗುತ್ತದೆ. ಸಂಜೆ ಇನ್ನೂ ಬಾಗುವಂತಿರುವಾಗಲೇ ಒಂದರ ಮೇಲೊಂದು ಪೇರಿಸಿ ಭಾರ ಇಟ್ಟರೆ ರಾತ್ರಿಯಲ್ಲಿ ನೆಟ್ಟಗಾಗುತ್ತವೆ. ಮಾರನೆಯ ದಿನ ಮತ್ತೆ ಬಿಡಿಸಿ ಹಾಸಬೇಕು. ಗಟ್ಟಿ ಬಿಸಿಲಿದ್ದರೆ ಎರಡು ಮೂರು ದಿನ.

ಆ ಎರಡು ಮೂರು ದಿನ ಅಂಗಳದ ಯಜಮಾನಿಕೆ ಮಕ್ಕಳದು. ಕೈಯಲ್ಲೊಂದು ಕೋಲು, ಕೂರಲು ಮಾವಿನ ಮರದ ನೆರಳು. ಕಾಗೆ ಒಂದು ಕಡೆ, ಬಿಚ್ಚಿಕೊಂಡ ಕರು ಇನ್ನೊಂದು ಕಡೆ, ಮಾಡಿನ ಮೇಲೆ ಮಂಗ. ಒಳಗಿನಿಂದ ಅಜ್ಜಿಯ ಕೂಗು, 'ತಮಾ, ಕಾಕೆ ಬಂತು ನೋಡು!' ಕಾಗೆಗೆ ಹೆದರಿಕೆಯಾಗಲೆಂದು ಚಾಪೆಯ ನಡುವೆ ಕಪ್ಪು ಕೊಡೆಯನ್ನು ಬಿಚ್ಚಿಡುವುದುಂಟು. ಕಾವಲುಗಾರ ನಡುನಡುವೆ ಅಂಚಿನದೊಂದು ಅರೆ ಒಣಗಿದ ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡರೆ ಅದನ್ನು ಯಾರೂ ಕಳ್ಳತನವೆನ್ನುವುದಿಲ್ಲ. ಹೊರಗೆ ಬಿಗಿ, ಒಳಗೆ ಮೆದು. ಆ ಒಂದು ದಿನ ಮಾತ್ರ ಸಿಗುವ ತಿನಿಸು.

ನಿಜವಾದ ಶತ್ರು ಮಳೆ. ರೇವತಿ, ಅಶ್ವಿನಿ, ಭರಣಿ ಎಂದು ಮಾರ್ಚ್ ಕೊನೆಯಿಂದ ಮೇ ಎರಡನೆಯ ವಾರದವರೆಗೆ ಹೆಸರು ಹಿಡಿದು ಬರುವ ಮಳೆಗಳು ಹೇಳಿ ಕೇಳಿ ಬರುವುದಿಲ್ಲ. ಮಧ್ಯಾಹ್ನದ ಊಟ ಮುಗಿಸಿ ದೊಡ್ಡವರು ಒರಗಿದ ಹೊತ್ತಿಗೆ ಮೋಡ ಕಟ್ಟಿ, ಒಂದು ತಣ್ಣನೆಯ ಗಾಳಿ ಬೀಸುತ್ತದೆ. ಮಣ್ಣಿನ ವಾಸನೆ ಮೊದಲು ಹಿಡಿಯುವುದು ಕಾವಲಿನ ಹುಡುಗ. ಅವನು ಒಂದು ಕೂಗು ಹಾಕಿದರೆ ಮನೆಯೇ ಅಂಗಳಕ್ಕೆ ಓಡುತ್ತದೆ. ಹಪ್ಪಳ ಆಯುತ್ತ ಕೂರುವ ವ್ಯವಧಾನವಿಲ್ಲ, ಚಾಪೆಯ ನಾಲ್ಕು ಮೂಲೆ ನಾಲ್ವರು ಹಿಡಿದು ಜಗಲಿಗೆ. ಒದ್ದೆಯಾದವನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ ಹೊಗೆಯ ಕಾವಿನಲ್ಲಿ ಉಳಿಸಿಕೊಳ್ಳುತ್ತಾರೆ. ಅವಕ್ಕೆ ಹೊಗೆಯ ಪರಿಮಳ ಬಂದಿರುತ್ತದೆ, ಬೂಸಲು ಬರುವುದಿಲ್ಲ.

ಒಣಗಿದ್ದು ಸಾಕೇ ಎಂದು ತಿಳಿಯಲು ಮುರಿಯಬೇಕು. ಬಾಗಿ ಮುರಿದರೆ ಇನ್ನೊಂದು ಬಿಸಿಲು, ಟಕ್ಕೆಂದು ಮುರಿದರೆ ಡಬ್ಬಕ್ಕೆ. ಬಿಸಿಲಿನ ಕಾವು ಆರಿದ ಮೇಲೆ, ಗಾಳಿಯಾಡದ ತಗಡಿನ ಡಬ್ಬಕ್ಕೆ ನೂರರ ಲೆಕ್ಕದಲ್ಲಿ ತುಂಬುತ್ತಾರೆ.

ಈಗ ಸೋಲಾರ್ ಡ್ರೈಯರ್ ಬಂದಿದೆ, ಒತ್ತುವ ಯಂತ್ರ ಬಂದಿದೆ, ಮಹಿಳಾ ಸಂಘಗಳು ಹಪ್ಪಳ ಮಾಡಿ ಪೇಟೆಗೆ ಕಳಿಸುತ್ತಿವೆ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ 'ಅಡಿಕೆ ಪತ್ರಿಕೆ'ಯಲ್ಲಿ ಶ್ರೀಪಡ್ರೆಯವರು ಹಲಸಿನ ಬಗ್ಗೆ ಪಟ್ಟು ಹಿಡಿದು ಬರೆದರು. ಕೊಳೆತು ಹೋಗುತ್ತಿದ್ದ ಕಾಯಿಯ ಕಡೆಗೆ ಜನ ತಿರುಗಿ ನೋಡಿದ್ದರಲ್ಲಿ ಅವರ ಪಾಲು ದೊಡ್ಡದು. ಪಕ್ಕದ ಕೇರಳ 2018ರಲ್ಲಿ ಹಲಸನ್ನು ರಾಜ್ಯದ ಹಣ್ಣೆಂದೇ ಘೋಷಿಸಿತು. ಇದೆಲ್ಲ ಸಂತೋಷದ ಸಂಗತಿ. ಆದರೆ ಯಾವ ಮರದ ಕಾಯಿ, ಯಾವ ದಿನ ಕೊಯ್ಯಬೇಕು ಎಂದು ಹೇಳುವವರಿಲ್ಲದಿದ್ದರೆ ಯಂತ್ರವೂ ಕೆಟ್ಟ ಹಪ್ಪಳವನ್ನೇ ದುಂಡಗೆ ಒತ್ತಿ ಕೊಡುತ್ತದೆ. ನಮ್ಮ ಊರಮನೆಗಳಲ್ಲಿ ಇಬ್ಬರೇ ವಯಸ್ಸಾದವರು ಉಳಿದಿರುವ ಈ ಕಾಲದಲ್ಲಿ, ಬೆಂಗಳೂರಿನಿಂದ ಮೊಮ್ಮಕ್ಕಳು ಬರುವ ವಾರಕ್ಕೆಂದೇ ಕಾಯಿಯನ್ನು ಕಾದಿಡುವ ಅಜ್ಜಂದಿರಿದ್ದಾರೆ. ಮರದ ಬುಡಕ್ಕೆ ಆ ಮಕ್ಕಳನ್ನು ಕರೆದೊಯ್ದು, ಕತ್ತಿಯ ಹಿಂಬದಿಯಿಂದ ಬಡಿಸಿ, ದನಿ ಕೇಳಿಸಿ. ಒತ್ತುವುದನ್ನು ಬೇಕಾದರೆ ಆಮೇಲೆ ಕಲಿತಾರು.

ತಿನ್ನುವವರಿಗೆ ಎರಡು ಮಾತು. ಒಣಗಿದ ಹಪ್ಪಳದಲ್ಲೂ ಚೂರು ತೇವ ಉಳಿದಿರುತ್ತದೆ. ಕಾದ ಎಣ್ಣೆಗೆ ಬಿದ್ದೊಡನೆ ಅದು ಉಗಿಯಾಗಿ ಹಪ್ಪಳವನ್ನು ಉಬ್ಬಿಸುತ್ತದೆ. ಎಣ್ಣೆ ಅರೆಬಿಸಿಯಿದ್ದರೆ ಉಬ್ಬದೆ ಎಣ್ಣೆ ಕುಡಿಯುತ್ತದೆ. ಸಟ್ಟುಗದಿಂದ ಒಮ್ಮೆ ಒತ್ತಿ ಹಿಡಿದು, ತಿರುವಿ, ಬಣ್ಣ ಕೆಂಪಿಗೆ ತಿರುಗುವ ಮೊದಲೇ ತೆಗೆಯಬೇಕು. ಹೊರಗೆ ಬಂದ ಮೇಲೂ ಅದು ಒಂದು ಗಳಿಗೆ ಬೇಯುತ್ತಿರುತ್ತದೆ. ಎಣ್ಣೆ ಬೇಡವೆಂದರೆ ಒಲೆಯ ಕೆಂಡ ಮುಂದಕ್ಕೆ ಎಳೆದುಕೊಂಡು ಸುಡಬೇಕು, ಕೈ ಬಿಡದೆ ತಿರುವುತ್ತ. ಸುಟ್ಟ ಹಪ್ಪಳಕ್ಕೆ ಮೇಲಿಂದ ತೆಂಗಿನೆಣ್ಣೆ ಸವರಿ, ಹಸಿ ಕಾಯಿಯ ಚೂರಿನ ಜೊತೆ ತಿನ್ನುವುದು ವಾಡಿಕೆ. ಮಳೆ ಹಿಡಿದ ಸಂಜೆ ಕಷಾಯದ ಜೊತೆ ಇದು ಶುರುವಾದರೆ, ಮನೆಯಲ್ಲಿ ಎಷ್ಟು ಜನವಿದ್ದಾರೋ ಅಷ್ಟಕ್ಕೆ ಎರಡು ಪಟ್ಟು ಸುಟ್ಟಿಟ್ಟುಕೊಳ್ಳುವುದು ಕ್ಷೇಮ.